ಹೆಪ್ಪುಗಟ್ಟಿದ ಏಳು ತಿಂಗಳು: ಲಾರಾ ಇಂಗಲ್ಸ್ ವೈಲ್ಡರ್ ಬದುಕು, ನೆನಪು

ಬರ, ನೆರೆ, ಪ್ಲೇಗು ಮುಂತಾದ ವಿಪತ್ತುಗಳ ಹೆಸರಿನಿಂದಲೇ ವರ್ಷಗಳನ್ನು ಗುರುತಿಸುವ ರೂಢಿ ಎಲ್ಲ ನಾಡಿನ ಜನರಲ್ಲೂ ಉಂಟು. ಹಳೆಯ ಮೈಸೂರು ಸೀಮೆಯನ್ನು 1876ರಿಂದ 1878ರವರೆಗೆ ಕಾಡಿದ ಕ್ಷಾಮವು ಆ ಸಂವತ್ಸರಗಳ ಹೆಸರಿನಲ್ಲಿ ಧಾತು-ಈಶ್ವರ ಬರವೆಂದು ತಲೆಮಾರುಗಳವರೆಗೆ ಜನರ ಬಾಯಲ್ಲಿ ಉಳಿಯಿತು. ಆ ಬರ ಮುಗಿದು ಎರಡು ವರ್ಷ ಕಳೆಯುವಷ್ಟರಲ್ಲಿ ಭೂಗೋಳದ ಇನ್ನೊಂದು ಬದಿಯಲ್ಲಿ, ಉತ್ತರ ಅಮೆರಿಕದ ವಿಶಾಲ ಹುಲ್ಲುಗಾವಲಿನಲ್ಲಿ, ಅಂಥದೇ ಒಂದು ಕಾಲ ಬಂದೆರಗಿತು. ಅಲ್ಲಿ ಕಾಡಿದ್ದು ಬಿಸಿಲಲ್ಲ, ಹಿಮ. 1880ರ ಅಕ್ಟೋಬರ್ ಮಧ್ಯದಲ್ಲಿ ಆರಂಭವಾದ ಚಳಿಗಾಲ 1881ರ ವಸಂತದವರೆಗೂ ಬಿಡಲಿಲ್ಲ. ಅದನ್ನು ಕಂಡುಂಡವರು ಮುಂದೆ ಬದುಕಿನುದ್ದಕ್ಕೂ ಆ ವರ್ಷವನ್ನು ಕಠಿಣ ಚಳಿಗಾಲ ಎಂದೇ ಕರೆದರು.

ಆ ಚಳಿಗಾಲದಲ್ಲಿ ಕಾಫಿ ಬೀಜ ಪುಡಿಮಾಡುವ ಪುಟ್ಟ ಯಂತ್ರದಲ್ಲಿ ಗೋಧಿ ಬೀಸುತ್ತ ಕುಳಿತಿದ್ದವರಲ್ಲಿ ಹದಿಮೂರು ವರ್ಷದ ಒಬ್ಬ ಬಾಲಕಿಯಿದ್ದಳು. ಅರುವತ್ತು ವರ್ಷಗಳ ತರುವಾಯ, 1940ರಲ್ಲಿ, ಆಕೆ ಆ ದಿನಗಳನ್ನು ‘ದಿ ಲಾಂಗ್ ವಿಂಟರ್’ ಎಂಬ ಕಾದಂಬರಿಯಾಗಿ ಪ್ರಕಟಿಸಿದರು. ಆಕೆಯೇ ಅಮೆರಿಕದ ಮಕ್ಕಳ ಸಾಹಿತ್ಯದ ಪ್ರಸಿದ್ಧ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್. ಅವರ ‘ಲಿಟಲ್ ಹೌಸ್’ ಮಾಲೆಯ ಕೆಲವು ಪುಸ್ತಕಗಳು ಕನ್ನಡಕ್ಕೂ ಅನುವಾದಗೊಂಡಿದ್ದು, ಹಿಮವನ್ನು ಕಣ್ಣಾರೆ ಕಾಣದ ನಮ್ಮ ಓದುಗರಿಗೂ ಅವರ ಹೆಸರು ಅಪರಿಚಿತವಲ್ಲ. ಅಷ್ಟು ದೀರ್ಘ ಕಾಲ ಮನಸ್ಸಿನಲ್ಲಿಟ್ಟುಕೊಂಡ ನೆನಪು ಎಷ್ಟರಮಟ್ಟಿಗೆ ನಿಜವಾಗಿತ್ತು, ಅದರಲ್ಲಿ ಏನು ಉಳಿಯಿತು, ಏನನ್ನು ಲೇಖಕಿ ಉದ್ದೇಶಪೂರ್ವಕವಾಗಿ ಕೈಬಿಟ್ಟರು ಎಂಬುದು ಅವರ ಬದುಕಿನಷ್ಟೇ ಕುತೂಹಲಕರವಾದ ಸಂಗತಿ.

ಅಲೆದಾಟದ ಬಾಲ್ಯ

ಲಾರಾ ಹುಟ್ಟಿದ್ದು 1867ರ ಫೆಬ್ರವರಿ 7ರಂದು, ವಿಸ್ಕಾನ್ಸಿನ್ ರಾಜ್ಯದ ಪೆಪಿನ್ ಊರಿನ ಸಮೀಪದ ಕಾಡಿನಲ್ಲಿ. ತಂದೆ ಚಾರ್ಲ್ಸ್ ಇಂಗಲ್ಸ್, ತಾಯಿ ಕ್ಯಾರೊಲಿನ್. ಹಿರಿಯಕ್ಕ ಮೇರಿ, ತಂಗಿಯರು ಕ್ಯಾರಿ ಮತ್ತು ಗ್ರೇಸ್. ತಂದೆ ಬಡಗಿ, ರೈತ, ಬೇಟೆಗಾರ, ಪಿಟೀಲು ವಾದಕ. ಎಲ್ಲಕ್ಕೂ ಮಿಗಿಲಾಗಿ, ಇನ್ನೂ ಪಶ್ಚಿಮಕ್ಕೆ ಹೋದರೆ ಬದುಕು ಹಸನಾದೀತೆಂದು ನಂಬಿದ್ದ ಅಲೆಮಾರಿ.

1869ರ ಸುಮಾರಿಗೆ ಕುಟುಂಬ ಕ್ಯಾನ್ಸಾಸ್‌ಗೆ ಹೋಗಿ ನೆಲೆಸಿತು. ಅವರು ಮನೆ ಕಟ್ಟಿದ ನೆಲ ಓಸೇಜ್ ಮೂಲನಿವಾಸಿಗಳಿಗೆ ಮೀಸಲಾಗಿದ್ದ ಪ್ರದೇಶವಾಗಿತ್ತು. 1871ರಲ್ಲಿ ಅಲ್ಲಿಂದ ಹೊರಟು ಮತ್ತೆ ವಿಸ್ಕಾನ್ಸಿನ್‌ಗೆ ಮರಳಿದರು. 1874ರಲ್ಲಿ ಮಿನ್ನೆಸೋಟ ರಾಜ್ಯದ ವಾಲ್‌ನಟ್ ಗ್ರೋವ್ ಸೇರಿದರು. ಅಲ್ಲಿ ಮಿಡತೆಗಳ ಹಿಂಡು ಮೋಡದಂತೆ ಇಳಿದು ಗೋಧಿಯ ಬೆಳೆಯನ್ನು ನುಂಗಿ ಹಾಕಿತು. 1875ರಲ್ಲಿ ಹುಟ್ಟಿದ ಗಂಡುಮಗು ಫ್ರೆಡ್ಡಿ ಮರುವರ್ಷವೇ, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ, ತೀರಿಕೊಂಡಿತು. ಅಯೋವದ ಬರ್ ಓಕ್ ಎಂಬ ಊರಿನಲ್ಲಿ ಕುಟುಂಬ ಹೋಟೆಲೊಂದರಲ್ಲಿ ದುಡಿದು ಕೆಲಕಾಲ ಕಳೆದು, ಪುನಃ ವಾಲ್‌ನಟ್ ಗ್ರೋವ್‌ಗೆ ಬಂದಿತು.

1879ರಲ್ಲಿ ಮೇರಿಗೆ ತೀವ್ರ ಕಾಯಿಲೆ ಬಂದು ದೃಷ್ಟಿ ಸಂಪೂರ್ಣ ಹೋಯಿತು. ಆಗ ಆಕೆಗೆ ಹದಿನಾಲ್ಕು ವರ್ಷ. ಅಕ್ಕನಿಗೆ ಕಣ್ಣಾಗುವ ಕೆಲಸವನ್ನು ತಂದೆ ಲಾರಾಗೆ ವಹಿಸಿದರು. ಅಂದಿನಿಂದ ಆಕಾಶದ ಬಣ್ಣ, ಹುಲ್ಲಿನ ಓಲಾಟ, ದಾರಿಯಲ್ಲಿ ಹೋಗುವವರ ಉಡುಗೆ ಎಲ್ಲವನ್ನೂ ಆಕೆ ಮಾತಿನಲ್ಲಿ ಬಿಡಿಸಿ ಹೇಳತೊಡಗಿದಳು. ಕಂಡದ್ದನ್ನು ಕಾಣದವರಿಗೆ ಕಟ್ಟಿಕೊಡುವ ಈ ಅಭ್ಯಾಸವೇ ಮುಂದೆ ಆಕೆಯ ಬರವಣಿಗೆಗೆ ಬುನಾದಿಯಾಯಿತೆಂದು ವಿಮರ್ಶಕರು ಗುರುತಿಸುತ್ತಾರೆ.

ರೈಲು ನಿಂತ ಊರು

ಅದೇ 1879ರಲ್ಲಿ ಚಾರ್ಲ್ಸ್‌ಗೆ ಪಶ್ಚಿಮಕ್ಕೆ ಹಳಿ ಹಾಸುತ್ತಿದ್ದ ರೈಲ್ವೆ ಕಂಪನಿಯಲ್ಲಿ ಕೆಲಸ ದೊರೆಯಿತು. ಕುಟುಂಬ ಡಕೋಟ ಪ್ರಾಂತ್ಯ ಸೇರಿತು. 1880ರಲ್ಲಿ ಆ ರೈಲು ಮಾರ್ಗದ ಮೇಲೆ ಡಿ ಸ್ಮೆಟ್ ಎಂಬ ಪುಟ್ಟ ಪಟ್ಟಣ ತಲೆಯೆತ್ತಿತು. 1862ರ ಹೋಮ್‌ಸ್ಟೆಡ್ ಕಾಯ್ದೆಯನ್ವಯ ಒಂದು ಕುಟುಂಬಕ್ಕೆ 160 ಎಕರೆ ಸರ್ಕಾರಿ ಭೂಮಿ ಸಿಗುತ್ತಿತ್ತು. ಐದು ವರ್ಷ ಅಲ್ಲಿ ವಾಸವಿದ್ದು ಬೇಸಾಯ ಮಾಡಿದರೆ ನೆಲ ಸ್ವಂತದ್ದಾಗುತ್ತಿತ್ತು. ಇಂಗಲ್ಸ್ ಕುಟುಂಬವೂ ಊರಾಚೆ ಅಂತಹ ಜಮೀನು ಹಿಡಿದು ಹಲಗೆಯ ಗುಡಿಸಲು ಕಟ್ಟಿಕೊಂಡಿತು.

ಆ ತೆಳುಗೋಡೆಯ ಗುಡಿಸಲಿನಲ್ಲಿದ್ದಾಗಲೇ ಅಕ್ಟೋಬರ್‌ನ ಮೊದಲ ಹಿಮಬಿರುಗಾಳಿ ಅಪ್ಪಳಿಸಿತು. ಎಲೆಯುದುರುವ ಕಾಲವಿನ್ನೂ ಮುಗಿಯದಿದ್ದ ಹೊತ್ತಿನಲ್ಲಿ ಬಂದ ಈ ಗಾಳಿ ಹಲವು ದಿನ ಬೀಸಿತು. ಮುಂದಿನದನ್ನು ಊಹಿಸಿದ ಚಾರ್ಲ್ಸ್, ಪಟ್ಟಣದಲ್ಲಿ ತಾವು ಕಟ್ಟಿದ್ದ ಅಂಗಡಿ ಕಟ್ಟಡಕ್ಕೆ ಸಂಸಾರವನ್ನು ಸಾಗಿಸಿದರು. ಜೀವ ಉಳಿದದ್ದು ಆ ನಿರ್ಧಾರದಿಂದ ಎನ್ನಬಹುದು.

ಹುಲ್ಲುಗಾವಲಿನ ಹಿಮಬಿರುಗಾಳಿಯ ಸ್ವರೂಪವೇ ಬೇರೆ. ಅಲ್ಲಿ ಮರಗಳಿಲ್ಲ, ಗುಡ್ಡಗಳಿಲ್ಲ. ಗಾಳಿಗೆ ತಡೆಯೆಂಬುದೇ ಇಲ್ಲ. ಹಿಟ್ಟಿನಷ್ಟು ನುಣುಪಾದ ಒಣ ಹಿಮವನ್ನು ಗಾಳಿ ನೆಲದಿಂದೆತ್ತಿ ತೂರುವಾಗ ಚಾಚಿದ ಕೈ ಕೂಡ ಕಾಣದು. ಮನೆಯಿಂದ ಕೊಟ್ಟಿಗೆಗೆ ಹೋಗುವವರು ಹಗ್ಗ ಹಿಡಿದು ನಡೆಯುತ್ತಿದ್ದರು. ಕೈತಪ್ಪಿದರೆ ಹತ್ತು ಹೆಜ್ಜೆ ಆಚೆಯ ಬಾಗಿಲೂ ಸಿಗದೆ ಬಯಲಿನಲ್ಲಿ ಹೆಪ್ಪುಗಟ್ಟಿ ಸಾಯುವ ಅಪಾಯವಿತ್ತು. ಶಾಲೆಯಿಂದ ಮರಳುವಾಗ ಗಾಳಿಗೆ ಸಿಕ್ಕ ಮಕ್ಕಳ ಗುಂಪು ದಿಕ್ಕುತಪ್ಪಿ ಬಯಲಿಗೆ ಹೊರಟುಹೋಗುವುದರಲ್ಲಿದ್ದಾಗ ಊರ ಅಂಚಿನ ಕಟ್ಟಡವೊಂದಕ್ಕೆ ಆಕಸ್ಮಿಕವಾಗಿ ಡಿಕ್ಕಿ ಹೊಡೆದು ಬದುಕಿಕೊಂಡ ಪ್ರಸಂಗವನ್ನು ಲಾರಾ ತಮ್ಮ ಆತ್ಮಕಥನದಲ್ಲೂ ಕಾದಂಬರಿಯಲ್ಲೂ ದಾಖಲಿಸಿದ್ದಾರೆ.

ಆದರೆ ಆ ಊರನ್ನು ಸಾವಿನ ಅಂಚಿಗೆ ತಳ್ಳಿದ್ದು ಬರಿಯ ಚಳಿಯಲ್ಲ, ರೈಲಿನ ಮೇಲಿನ ಪೂರ್ಣಾವಲಂಬನೆ. ಸೌದೆಗೆ ಮರವಿರಲಿಲ್ಲವಾದ್ದರಿಂದ ಕಲ್ಲಿದ್ದಲು ರೈಲಿನಲ್ಲಿ ಬರಬೇಕಿತ್ತು. ಹಿಟ್ಟು, ಸಕ್ಕರೆ, ಸೀಮೆಎಣ್ಣೆ, ಮಾಂಸ ಎಲ್ಲವೂ ರೈಲಿನಿಂದಲೇ. ನೆಲ ಹೊಸದಾಗಿ ಉತ್ತದ್ದರಿಂದ ಕಣಜದಲ್ಲಿ ಕೂಡಿಟ್ಟ ಬೆಳೆಯೂ ಇರಲಿಲ್ಲ. ದಿಬ್ಬಗಳನ್ನು ಕಡಿದು ಹಳಿ ಹಾಸಿದ ಕಣಿವೆಗಳಲ್ಲಿ ಗಾಳಿ ಹಿಮವನ್ನು ತುಂಬುತ್ತಿತ್ತು. ಕೂಲಿಯಾಳುಗಳು ಸಲಿಕೆಯಿಂದ ಅದನ್ನು ತೋಡಿ ಎರಡೂ ಬದಿಗೆ ಎಸೆಯುತ್ತಿದ್ದರು. ಹಾಗೆ ಎಸೆದ ರಾಶಿಯಿಂದ ಬದಿಯ ಗೋಡೆ ಇನ್ನೂ ಎತ್ತರವಾಗಿ, ಮುಂದಿನ ಬಿರುಗಾಳಿಯಲ್ಲಿ ಮೊದಲಿಗಿಂತ ಹೆಚ್ಚು ಹಿಮ ತುಂಬುತ್ತಿತ್ತು. ಮನುಷ್ಯರ ಶ್ರಮವೇ ಅವರಿಗೆ ಎದುರಾಗುತ್ತಿತ್ತು. 1881ರ ಮಾರ್ಚ್ 29ರಂದು ದಕ್ಷಿಣ ಮಿನ್ನೆಸೋಟದಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ಹಿಮದ ಗೋಡೆಗಳ ನಡುವೆ ಹೂತುಹೋದ ರೈಲು ಎಂಜಿನನ್ನು ಇಂದಿಗೂ ಕಾಣಬಹುದು. ಕ್ಯಾಲೆಂಡರಿನ ಪ್ರಕಾರ ಆಗ ವಸಂತಕಾಲ!

1881ರ ಜನವರಿಯ ಆರಂಭದ ನಂತರ ಡಿ ಸ್ಮೆಟ್‌ಗೆ ರೈಲು ಬರಲಿಲ್ಲ. ಮತ್ತೆ ಬಂದದ್ದು ಮೇ ತಿಂಗಳಲ್ಲಿ.

ಹುಲ್ಲಿನ ಸೌದೆ, ಬೀಜದ ರೊಟ್ಟಿ

ಕಲ್ಲಿದ್ದಲು ಮುಗಿದಾಗ ಶಾಲೆ ಮುಚ್ಚಿತು. ಮನೆಗಳಲ್ಲಿ ಒಣಹುಲ್ಲನ್ನು ಬಿಗಿಯಾಗಿ ಹೊಸೆದು, ಗಂಟುಹಾಕಿ, ಕಟ್ಟಿಗೆಯಂತೆ ಒಲೆಗೆ ಇಡತೊಡಗಿದರು. ಹುಲ್ಲಿನ ಈ ಸೌದೆ ನೋಡನೋಡುತ್ತ ಉರಿದುಹೋಗುತ್ತದೆ. ಒಬ್ಬರಲ್ಲ ಒಬ್ಬರು ದಿನವಿಡೀ ಹೊಸೆಯುತ್ತಲೇ ಇರಬೇಕು. ಚಾರ್ಲ್ಸ್ ಮತ್ತು ಲಾರಾ ಕೈ ಬಿರಿದು ನೆತ್ತರು ಬರುವವರೆಗೂ ಹೊಸೆದರು. ಪಿಟೀಲು ನುಡಿಸುವ ತಂದೆಯ ಬೆರಳುಗಳು ಮರಗಟ್ಟಿ ತಂತಿಯ ಮೇಲೆ ಓಡದಾದವೆಂದು ಕಾದಂಬರಿ ಹೇಳುತ್ತದೆ. ಹಾಡು ನಿಂತುಹೋದ ಆ ಸಂಜೆಯೇ ಮನೆಮಂದಿಯ ಧೈರ್ಯ ಮೊದಲ ಬಾರಿಗೆ ಕುಸಿದ ಗಳಿಗೆಯಾಗಿ ಅಲ್ಲಿ ಚಿತ್ರಿತವಾಗಿದೆ.

ಹಿಟ್ಟು ಮುಗಿಯಿತು. ಬಿತ್ತನೆಗೆಂದು ತೆಗೆದಿರಿಸಿದ್ದ ಗೋಧಿಯನ್ನು ಕಾಫಿ ಯಂತ್ರದಲ್ಲಿ ಬೀಸಿ ತಾಯಿ ಕಂದು ಬಣ್ಣದ ರೊಟ್ಟಿ ಮಾಡುತ್ತಿದ್ದರು. ಯಂತ್ರದ ಡಬ್ಬಿ ಪುಟ್ಟದು. ಇಡೀ ಸಂಸಾರದ ಒಂದು ಹೊತ್ತಿನ ಹಿಟ್ಟಿಗೆ ಅದನ್ನು ಗಂಟೆಗಟ್ಟಲೆ ತಿರುಗಿಸಬೇಕಿತ್ತು. ಕುರುಡಿ ಮೇರಿಯೂ ಆ ಕೆಲಸಕ್ಕೆ ಕೈಕೊಟ್ಟಳು. ಬೀಸುವ ಕಲ್ಲಿನ ಹಾಡು ಕೇಳಿ ಬೆಳೆದ ನಮ್ಮ ಹಿರಿಯರಿಗೆ ಆ ಶ್ರಮದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬಿತ್ತನೆ ಬೀಜವನ್ನು ತಿನ್ನುವುದೆಂದರೆ ಮುಂದಿನ ವರ್ಷವನ್ನೇ ತಿಂದಂತೆ ಎಂಬುದು ಯಾವ ದೇಶದ ರೈತನಿಗೂ ಗೊತ್ತು.

ಆ ಗೋಧಿಯೂ ಮುಗಿಯುವ ಹಂತಕ್ಕೆ ಬಂದಾಗ ಆಲ್ಮಾಂಜೊ ವೈಲ್ಡರ್ ಮತ್ತು ಕ್ಯಾಪ್ ಗಾರ್ಲೆಂಡ್ ಎಂಬ ಇಬ್ಬರು ಯುವಕರು ಎರಡು ಬಿರುಗಾಳಿಗಳ ನಡುವಿನ ಬಿಡುವು ನೋಡಿ ಜಾರುಬಂಡಿ ಹೂಡಿಕೊಂಡು ಹೊರಟರು. ಊರಿನಿಂದ ಮೈಲಿಗಟ್ಟಲೆ ದೂರ ಒಂಟಿಯಾಗಿ ನೆಲೆಸಿದ್ದ ರೈತನೊಬ್ಬನ ಬಳಿ ಗೋಧಿಯಿದೆಯೆಂಬ ಸುದ್ದಿಯಷ್ಟೇ ಅವರಿಗಿದ್ದ ಆಧಾರ. ದಾರಿಯಿಲ್ಲ, ಗುರುತಿಲ್ಲ, ಹಿಮದಡಿ ಹುದುಗಿದ ಟೊಳ್ಳು ಹುಲ್ಲಿನಲ್ಲಿ ಕುದುರೆಗಳು ಕುಸಿಯುತ್ತಿದ್ದವು. ಹಾಗಿದ್ದೂ ಅವರು ಗೋಧಿ ತಂದರು. ತಂದದ್ದನ್ನು ಹೆಚ್ಚಿನ ಬೆಲೆಗೆ ಮಾರಲು ಹೊರಟ ವರ್ತಕನನ್ನು ಊರಿನವರು ಒಟ್ಟಾಗಿ ಪ್ರಶ್ನಿಸಿ ನ್ಯಾಯಬೆಲೆಗೆ ಒಪ್ಪಿಸಿದರು ಎಂಬ ಭಾಗ ಕಾದಂಬರಿಯ ಮುಖ್ಯ ಘಟ್ಟಗಳಲ್ಲೊಂದು. ಹಸಿದ ಊರಿನಲ್ಲಿ ವ್ಯಾಪಾರದ ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆ ಅಲ್ಲಿ ಹುದುಗಿದೆ.

ಮನೆಯೊಳಗೂ ಬಂದ ಚಳಿ

ಹಿಮ ಕರಗಿದ ಬಳಿಕ ಮೇರಿ ಅಯೋವದ ಅಂಧರ ಶಾಲೆಗೆ ಸೇರಿದಳು. ಆಕೆಯ ಓದಿನ ವೆಚ್ಚಕ್ಕೆ ನೆರವಾಗಲು ಲಾರಾ ಹದಿನಾರು ತುಂಬುವ ಮೊದಲೇ ಶಿಕ್ಷಕಿಯ ಅರ್ಹತಾಪತ್ರ ಪಡೆದು ಊರಿನಿಂದ ದೂರದ ಶಾಲೆಯೊಂದರಲ್ಲಿ ಪಾಠ ಹೇಳತೊಡಗಿದರು. ಕೊರೆಯುವ ಚಳಿಯಲ್ಲಿ ವಾರಾಂತ್ಯಕ್ಕೊಮ್ಮೆ ಜಾರುಬಂಡಿಯಲ್ಲಿ ಬಂದು ಅವರನ್ನು ಮನೆಗೆ ಕರೆತರುತ್ತಿದ್ದವರು ಗೋಧಿ ತಂದ ಅದೇ ಆಲ್ಮಾಂಜೊ. 1885ರ ಆಗಸ್ಟ್ 25ರಂದು ಅವರಿಬ್ಬರ ವಿವಾಹವಾಯಿತು. ಮರುವರ್ಷ ಡಿಸೆಂಬರ್‌ನಲ್ಲಿ ಮಗಳು ರೋಸ್ ಹುಟ್ಟಿದಳು.

1888ರ ಜನವರಿ 12ರಂದು ಡಕೋಟ, ನೆಬ್ರಾಸ್ಕ ಪ್ರದೇಶಗಳಲ್ಲಿ ಮತ್ತೊಂದು ಭೀಕರ ಹಿಮಬಿರುಗಾಳಿ ಎದ್ದಿತು. ಬೆಳಗ್ಗೆ ಹಿತವಾದ ಹವೆಯಿದ್ದುದರಿಂದ ಮಕ್ಕಳು ತೆಳು ಬಟ್ಟೆಯಲ್ಲೇ ಶಾಲೆಗೆ ಹೋಗಿದ್ದರು. ಗಾಳಿ ಬಂದೆರಗಿದ್ದು ಹಗಲಿನಲ್ಲಿ, ಮಕ್ಕಳು ಶಾಲೆಯಲ್ಲೋ ಮನೆಯ ದಾರಿಯಲ್ಲೋ ಇದ್ದಾಗ. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 235 ಎಂದು ಅಂದಾಜಿಸಲಾಗುತ್ತದೆ. ಅವರಲ್ಲಿ ಅನೇಕರು ಎಳೆಯರಾದ್ದರಿಂದ ಅದು ಮಕ್ಕಳ ಬಿರುಗಾಳಿ ಎಂದೇ ಚರಿತ್ರೆಯಲ್ಲಿ ಹೆಸರಾಯಿತು. ಆಗ ಲಾರಾ ಒಂದು ವರ್ಷದ ಕೂಸಿನ ತಾಯಿ.

ಮುಂದಿನದು ಒಂದರ ಹಿಂದೊಂದು ಪೆಟ್ಟು. 1888ರಲ್ಲಿ ದಂಪತಿಗೆ ಡಿಫ್ತೀರಿಯಾ ತಗುಲಿತು. ಚೇತರಿಸಿಕೊಳ್ಳುವ ಮುನ್ನವೇ ದುಡಿಮೆಗಿಳಿದ ಆಲ್ಮಾಂಜೊಗೆ ಪಾರ್ಶ್ವವಾಯು ಬಡಿದು ನಡಿಗೆ ಕಡೆಯವರೆಗೂ ಸರಿಹೋಗಲಿಲ್ಲ. 1889ರ ಆಗಸ್ಟ್‌ನಲ್ಲಿ ಗಂಡುಮಗುವೊಂದು ಹುಟ್ಟಿ, ಹೆಸರಿಡುವ ಮೊದಲೇ ಕಣ್ಮುಚ್ಚಿತು. ಅದೇ ತಿಂಗಳು ಮನೆಗೆ ಬೆಂಕಿ ಬಿತ್ತು. ಬೆಳೆ ಕೈಗೆ ಹತ್ತಲಿಲ್ಲ, ಸಾಲ ಬೆಳೆಯಿತು. 1894ರ ಬೇಸಿಗೆಯಲ್ಲಿ ಕುಟುಂಬ ಬಂಡಿ ಕಟ್ಟಿಕೊಂಡು ಸುಮಾರು 650 ಮೈಲಿ ದಕ್ಷಿಣಕ್ಕೆ ಪಯಣಿಸಿ ಮಿಸ್ಸೂರಿ ರಾಜ್ಯದ ಮ್ಯಾನ್ಸ್‌ಫೀಲ್ಡ್ ಸೇರಿತು. ಅಲ್ಲಿ ರಾಕಿ ರಿಡ್ಜ್ ಎಂಬ ತೋಟವನ್ನು ಕಟ್ಟಿ ಬೆಳೆಸಿ, ಕೊನೆಯವರೆಗೂ ಅಲ್ಲಿಯೇ ನೆಲೆಸಿದರು.

ಬೆಂಕಿಪೆಟ್ಟಿಗೆಯಷ್ಟು ನೆನಪು, ಒಲೆಯಷ್ಟು ಬರಹ

ಲಾರಾ ಪತ್ರಿಕೆಗೆ ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ, 1911ರಲ್ಲಿ. ‘ಮಿಸ್ಸೂರಿ ರೂರಲಿಸ್ಟ್’ ಎಂಬ ಕೃಷಿ ಪತ್ರಿಕೆಯಲ್ಲಿ ಕೋಳಿ ಸಾಕಣೆ, ಮನೆವಾರ್ತೆ, ನೆರೆಹೊರೆಯ ಬದುಕು ಕುರಿತು ವರ್ಷಗಟ್ಟಲೆ ಅಂಕಣ ಬರೆದರು. 1924ರಲ್ಲಿ ತಾಯಿ, 1928ರಲ್ಲಿ ಮೇರಿ ತೀರಿಕೊಂಡರು. ಆ ಚಳಿಗಾಲದ ಸಾಕ್ಷಿಗಳು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. 1929ರ ಷೇರುಪೇಟೆ ಕುಸಿತದಲ್ಲಿ ಕುಟುಂಬದ ಉಳಿತಾಯವೂ ಕರಗಿತು. 1930ರಲ್ಲಿ, ಅರುವತ್ತಮೂರನೆಯ ವಯಸ್ಸಿನಲ್ಲಿ, ಅವರು ಪೆನ್ಸಿಲ್ ಹಿಡಿದು ‘ಪಯೊನಿಯರ್ ಗರ್ಲ್’ ಎಂಬ ಆತ್ಮಕಥನ ಬರೆದು ಮುಗಿಸಿದರು. ಪ್ರಕಾಶಕರು ಅದನ್ನು ಒಪ್ಪಲಿಲ್ಲ.

ಆ ಹೊತ್ತಿಗೆ ಹೆಸರಾಂತ ಲೇಖಕಿಯಾಗಿದ್ದ ಮಗಳು ರೋಸ್ ವೈಲ್ಡರ್ ಲೇನ್ ಹಸ್ತಪ್ರತಿಯನ್ನು ತಿದ್ದಿ, ಬೆರಳಚ್ಚು ಮಾಡಿ, ಮಕ್ಕಳ ಪುಸ್ತಕವಾಗಿಸಲು ನೆರವಾದರು. 1932ರಲ್ಲಿ ಮೊದಲ ಪುಸ್ತಕ ‘ಲಿಟಲ್ ಹೌಸ್ ಇನ್ ದಿ ಬಿಗ್ ವುಡ್ಸ್’ ಹೊರಬಂತು. ತಾಯಿ-ಮಗಳ ಸಂಬಂಧ ಸರಳವಾಗಿರಲಿಲ್ಲ. ರೋಸ್ ತಾಯಿಯ ನೆನಪುಗಳನ್ನೇ ಬಳಸಿ 1933ರಲ್ಲಿ ತಮ್ಮದೇ ಕಾದಂಬರಿಯೊಂದನ್ನು ಪ್ರಕಟಿಸಿದಾಗ ಲಾರಾ ನೊಂದುಕೊಂಡರೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಪುಸ್ತಕಗಳಲ್ಲಿ ತಾಯಿಯ ಪಾಲೆಷ್ಟು, ಮಗಳ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಕಠಿಣ ಚಳಿಗಾಲದ ಕಾದಂಬರಿಗೆ ಲಾರಾ ಇಟ್ಟಿದ್ದ ಹೆಸರು ಜನರು ಆಡುತ್ತಿದ್ದ ಹೆಸರೇ ಆಗಿತ್ತು. ಕಠಿಣ ಎಂಬ ಮಾತು ಮಕ್ಕಳಿಗೆ ಭಾರವಾದೀತೆಂದು ಪ್ರಕಾಶಕರು ಅದನ್ನು ದೀರ್ಘ ಚಳಿಗಾಲ ಎಂದು ಬದಲಾಯಿಸಿದರು. ಲಾರಾ ತಾವೂ ಕೆಲವು ಬದಲಾವಣೆ ಮಾಡಿದ್ದರು. ಆಗ ಇಪ್ಪತ್ತಮೂರು ವರ್ಷದವರಾಗಿದ್ದ ಆಲ್ಮಾಂಜೊ ಕಾದಂಬರಿಯಲ್ಲಿ ಹತ್ತೊಂಬತ್ತರ ಹುಡುಗನಾದರು. ಅದಕ್ಕಿಂತ ದೊಡ್ಡ ಬದಲಾವಣೆ ಮತ್ತೊಂದಿದೆ. ಆ ಚಳಿಗಾಲದುದ್ದಕ್ಕೂ ಇಂಗಲ್ಸ್ ಮನೆಯಲ್ಲಿ ಜಾರ್ಜ್ ಮಾಸ್ಟರ್ಸ್, ಆತನ ಹೆಂಡತಿ ಮ್ಯಾಗಿ ಮತ್ತು ಅವರ ಎಳೆಯ ಮಗು ವಾಸವಿದ್ದರು. ಜಾರ್ಜ್ ದುಡಿಮೆಗೆ ಕೈಹಾಕದೆ ಒಲೆಯ ಹತ್ತಿರದ ಜಾಗ ಹಿಡಿದು ಕೂರುತ್ತಿದ್ದುದು ಲಾರಾಗೆ ಸಹಿಸದಾಗಿತ್ತೆಂಬುದು ಆತ್ಮಕಥನದಿಂದ ತಿಳಿಯುತ್ತದೆ. ಕಾದಂಬರಿಯಲ್ಲಿ ಈ ಮೂವರೂ ಇಲ್ಲ. ಹಿಮದ ನಡುವೆ ಒಂಟಿಯಾಗಿ ಹೋರಾಡುವ ಒಂದೇ ಕುಟುಂಬದ ಚಿತ್ರಕ್ಕೆ ಅವರು ಹೊಂದುವುದಿಲ್ಲವೆಂಬ ಕಾರಣವನ್ನು ಲಾರಾ ಮಗಳಿಗೆ ಬರೆದ ಪತ್ರದಲ್ಲಿ ವಿವರಿಸಿದ್ದರು.

ಹವಾಮಾನ ವಿಜ್ಞಾನದ ಸಾಕ್ಷ್ಯ

ಮನುಷ್ಯರನ್ನು ಕೈಬಿಟ್ಟ ಲೇಖಕಿ ಹವೆಯ ವಿಷಯದಲ್ಲೂ ಸ್ವಾತಂತ್ರ್ಯ ವಹಿಸಿರಬಹುದೇ? ಈ ಪ್ರಶ್ನೆಯನ್ನು ಎತ್ತಿಕೊಂಡವರು ಅಮೆರಿಕದ ಹವಾಮಾನ ವಿಜ್ಞಾನಿ ಬಾರ್ಬರಾ ಮೇಯ್ಸ್ ಬೂಸ್ಟೆಡ್. ಚಳಿಗಾಲದ ತೀವ್ರತೆಯನ್ನು ತಾಪಮಾನ ಮತ್ತು ಹಿಮದ ಲೆಕ್ಕದಿಂದ ಅಳೆಯುವ ಸೂಚ್ಯಂಕವೊಂದನ್ನು ರೂಪಿಸಿ, ಹಳೆಯ ವೀಕ್ಷಣಾ ದಾಖಲೆಗಳನ್ನು ಪರಿಶೀಲಿಸಿ ಅವರೂ ಸಹ ಸಂಶೋಧಕರೂ 2020ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಪ್ರಕಾರ 1880-81ರ ಚಳಿಗಾಲವು ಮಧ್ಯ ಅಮೆರಿಕದಲ್ಲಿ ವಲಸಿಗರು ಹವಾಮಾನ ದಾಖಲಿಸಲು ಆರಂಭಿಸಿದಂದಿನಿಂದ ಕಂಡ ಅತಿ ಕಠಿಣ ಚಳಿಗಾಲಗಳಲ್ಲಿ ಒಂದು. ಉತ್ತರ ಅಟ್ಲಾಂಟಿಕ್ ಮೇಲಿನ ವಾಯುಒತ್ತಡದ ಏರುಪೇರು ಅತ್ಯಂತ ಋಣಾತ್ಮಕ ಸ್ಥಿತಿಯಲ್ಲಿದ್ದುದು ಅದಕ್ಕೊಂದು ಮುಖ್ಯ ಕಾರಣ. ಲಾರಾ ನೀಡಿದ ಚಿತ್ರಣವು ಬಹುಮಟ್ಟಿಗೆ ನಿಖರವೆಂದೇ ಆ ಅಧ್ಯಯನ ತೀರ್ಮಾನಿಸಿತು. ಒಮ್ಮೆಲೇ ಕರಗಿದ ಆ ಹಿಮ 1881ರ ವಸಂತದಲ್ಲಿ ಮಿಸ್ಸೂರಿ ನದಿಗೆ ಮಹಾಪೂರ ತಂದು ಡಕೋಟದ ಯಾಂಕ್ಟನ್, ವರ್ಮಿಲಿಯನ್ ಊರುಗಳನ್ನು ಧ್ವಂಸ ಮಾಡಿತ್ತು.

ಹವೆಯ ಬಗ್ಗೆ ನಿಖರವಾಗಿದ್ದ ಅದೇ ನೆನಪು ನೆಲದ ಮೂಲ ಒಡೆಯರ ಬಗ್ಗೆ ತನ್ನ ಕಾಲದ ಪೂರ್ವಗ್ರಹಗಳಿಂದ ಮುಕ್ತವಾಗಿರಲಿಲ್ಲ. ಮೂಲನಿವಾಸಿಗಳು ಮತ್ತು ಕಪ್ಪು ಜನರನ್ನು ಚಿತ್ರಿಸಿದ ರೀತಿಗೆ ಆಕ್ಷೇಪಗಳು ಬಂದ ಕಾರಣ, 1954ರಿಂದ ಲಾರಾ ಹೆಸರಿನಲ್ಲಿದ್ದ ಅಮೆರಿಕದ ಮಕ್ಕಳ ಸಾಹಿತ್ಯ ಪ್ರಶಸ್ತಿಯ ಹೆಸರನ್ನು ಗ್ರಂಥಪಾಲಕರ ಸಂಘ 2018ರಲ್ಲಿ ಬದಲಾಯಿಸಿತು. ‘ದಿ ಲಾಂಗ್ ವಿಂಟರ್’ ಕಾದಂಬರಿಯಲ್ಲೇ ಬರಲಿರುವ ಚಳಿಗಾಲದ ಬಗ್ಗೆ ಊರವರಿಗೆ ಮುನ್ನೆಚ್ಚರಿಕೆ ನೀಡುವವನು ಒಬ್ಬ ವೃದ್ಧ ಮೂಲನಿವಾಸಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಆ ನೆಲದ ಚಳಿಗಾಲಗಳನ್ನು ವಲಸಿಗರಿಗಿಂತ ಬಹು ಹಿಂದಿನಿಂದ ನೆನಪಿಟ್ಟವರು ಅವನ ಜನರೇ.

ಆಲ್ಮಾಂಜೊ 1949ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಲಾರಾ 1957ರ ಫೆಬ್ರವರಿ 10ರಂದು, ತೊಂಬತ್ತು ತುಂಬಿದ ಮೂರನೆಯ ದಿನ, ರಾಕಿ ರಿಡ್ಜ್ ತೋಟದ ಮನೆಯಲ್ಲಿ ಕೊನೆಯುಸಿರೆಳೆದರು. ತಂದೆಯ ಪಿಟೀಲು ಮ್ಯಾನ್ಸ್‌ಫೀಲ್ಡ್‌ನ ವಸ್ತುಸಂಗ್ರಹಾಲಯ ಸೇರಿತು. ಪ್ರಕಾಶಕರು ತಿರಸ್ಕರಿಸಿದ್ದ ‘ಪಯೊನಿಯರ್ ಗರ್ಲ್’ ದಕ್ಷಿಣ ಡಕೋಟದ ಇತಿಹಾಸ ಸಂಸ್ಥೆಯ ಮುದ್ರಣಾಲಯದಿಂದ ಟಿಪ್ಪಣಿಸಹಿತವಾಗಿ 2014ರಲ್ಲಿ ಬೆಳಕು ಕಂಡಿತು. ಕಾದಂಬರಿ ಬಂದು ಎಪ್ಪತ್ತನಾಲ್ಕು ವರ್ಷಗಳಾದ ಮೇಲೆ ಜಾರ್ಜ್, ಮ್ಯಾಗಿ ಮತ್ತು ಅವರ ಕೂಸು ಮುದ್ರಿತ ಪುಟಗಳಲ್ಲಿ ಆ ಒಲೆಯ ಬಳಿಗೆ ಮರಳಿದರು. ಆ ಮನೆಯಲ್ಲಿ ಬೀಸಿದ ಗೋಧಿಯನ್ನು ಹಂಚಿಕೊಂಡು ಉಂಡವರು ಒಟ್ಟು ಎಷ್ಟು ಮಂದಿ ಎಂಬ ಲೆಕ್ಕ ಸಾಮಾನ್ಯ ಓದುಗರಿಗೂ ಸರಿಯಾಗಿ ದೊರೆತದ್ದು ಆಗಲೇ.